ಬರಿದು ಕೊಡಬಾರದ ಬೋಗುಣಿ

ಸಾವಿರದ ಒಂಬೈನೂರ ಐವತ್ತೊಂದರಲ್ಲಿ ನಾನು ಶಾಲೆ ಬಿಟ್ಟೆ. ರೋಣದಲ್ಲಿ ಸೋದರಮಾವನ ಮನೆಯಲ್ಲಿದ್ದು ಏಳನೆಯ ಇಯತ್ತೆ ಓದುತ್ತಿದ್ದೆ. ಆ ಇಯತ್ತೆಯ ಕೊನೆಗೆ ಬರುವ ಮುಲ್ಕಿ ಪರೀಕ್ಷೆ ಇನ್ನೂ ಬಂದಿರಲಿಲ್ಲ. ನಮ್ಮೂರು ಗಜೇಂದ್ರಗಡದಿಂದ ಬಂದ ಚಕ್ಕಡಿಯವನ ಬಾಯಲ್ಲಿ ಅಪ್ಪ ಹೇಳಿ ಕಳಿಸಿದ್ದ: "ದಮ್ಮು ಜೋರಾಗೇತಿ, ಮಗ್ಗದಾಗ ಕುಂದ್ರಾಕ ಆಗವಲ್ದು, ಹುಡುಗನ್ನ ಕಳಸ್ರಿ." ಮಾವ ನನ್ನ ಪಾಟಿಚೀಲವನ್ನು ಚಕ್ಕಡಿಯಲ್ಲಿಟ್ಟ. ನಾನು ಹತ್ತಿ ಕೂತೆ. ಅಳಲಿಲ್ಲ. ಅಂದು ಅಳಲಿಲ್ಲವೆಂಬ ಹೆಮ್ಮೆ ಈಗಲೂ ಸ್ವಲ್ಪ ಇದೆ.

ನಮ್ಮದು ಕುಣಿಮಗ್ಗ. ಮನೆಯ ನೆಲದಲ್ಲೇ ಕುಣಿ ತೋಡಿರುತ್ತದೆ. ಅದರಲ್ಲಿ ಕಾಲು ಇಳಿಬಿಟ್ಟು ಕೂತು, ಕೆಳಗೆ ತುಳಿಯುತ್ತ ಮೇಲೆ ಲಾಳಿ ಎಸೆಯುತ್ತ ಸೀರೆ ನೇಯಬೇಕು. ನಾನು ಬಂದ ದಿನವೇ ಅಪ್ಪ ಕುಣಿಯ ಕಡೆ ಕೈ ಮಾಡಿ, "ಇನ್ನ ನಿನ್ನ ಸಾಲಿ ಇಲ್ಲೇ ಐತಿ, ಇಳಿ" ಎಂದ. ಇಳಿದೆ. ಮೊದಲ ವರ್ಷ ನಾನು ನೇಯ್ದದ್ದನ್ನು ಯಾರೂ ಉಡುವಂತಿರಲಿಲ್ಲ. ಕೆಲವು ವರ್ಷಗಳಲ್ಲಿ ಸೀರೆಯ ದಡಿ ನೋಡಿಯೇ ಇದು ಯಾರ ಕೈಯದು ಎಂದು ಪೇಟೆಯವರು ಹೇಳುವಂತಾಯಿತು. ನನ್ನ ಜೊತೆ ಓದಿದವರಲ್ಲಿ ಕೆಲವರು ಮಾಸ್ತರರಾದರು, ಒಬ್ಬ ಊರ ಲೆಕ್ಕ ಬರೆಯುವ ತಲಾಠಿಯಾದ. ಅವರ ಮುಂದೆ ನಾನು ತಲೆ ತಗ್ಗಿಸಿದ್ದಿಲ್ಲ. ಅವರ ಹೆಂಡಂದಿರು ಉಟ್ಟದ್ದು ನಾನು ನೇಯ್ದದ್ದನ್ನೇ.

ಇದ್ದದ್ದನ್ನು ನೆನೆದು ಬಾಳಬೇಕು ಎಂದು ಹೇಳುವವರು ಬಹಳ ಮಂದಿ. ನನಗೂ ಬಹಳ ಮಂದಿ ಹೇಳಿದ್ದಾರೆ. ಹೇಳಿದವರಿಂದ ನಾನು ಕಲಿಯಲಿಲ್ಲ. ಕಲಿತದ್ದು ಒಂದು ಬೋಗುಣಿಯ ದೆಸೆಯಿಂದ. ಅದನ್ನು ಬರೆಯಬೇಕೆಂದೇ ಕೂತಿದ್ದೇನೆ.

ಅವ್ವನಿಂದ ಶುರು ಮಾಡಬೇಕು. ಅವಳು ಅಸೂಟಿಯಲ್ಲಿ ಬೆಳೆದವಳು. ಅವರ ಮನೆಯಲ್ಲಿ ಮಗ್ಗದ ಜೊತೆ ಹೊಲವೂ ಇತ್ತು. ಜೋಳ ಅಳೆಯುವಾಗ ಅವಳು ಒಂದು ಎನ್ನುತ್ತಿರಲಿಲ್ಲ. ಕಣದಲ್ಲಿ ರಾಶಿ ಅಳೆಯುವವರು ಮೊದಲನೆಯ ಅಳತೆಗೆ ಲಾಭ ಎನ್ನುತ್ತಾರೆ, ಆಮೇಲೆ ಎರಡು, ಮೂರು. ಆ ರೂಢಿಯನ್ನು ಅವಳು ಅಡಿಗೆಮನೆಗೂ ತಂದಿದ್ದಳು. ಬೀಸಲು ಎರಡು ಸೇರು ಜೋಳ ತೆಗೆದರೂ ಲಾಭ, ಎರಡು. ರೋಣದಿಂದ ಲೆಕ್ಕ ಕಲಿತು ಬಂದ ನಾನು ಒಮ್ಮೆ ಚಾಷ್ಟಿ ಮಾಡಿದೆ.

"ಅವ್ವಾ, ಒಂದು ಅನ್ನಬೇಕು. ಲಾಭ ಅಂಬೋ ಅಂಕಿ ಎಲ್ಲೂ ಇಲ್ಲ."

"ಒಂದು ನಿಮ್ಮ ಮಾಸ್ತರಗ ಇರಲಿ. ನಮ್ಮ ಜ್ವಾಳಕ್ಕ ಲಾಭ ಇರಲಿ" ಎಂದು ಅವಳು ಸೇರಿನ ಬಾಯಿ ಒರೆಸಿದಳು.

"ಹೋಗಲಿ ಬಿಡೋ," ಎಂದ ಅಪ್ಪ ಕೆಮ್ಮಿನ ನಡುವೆ, "ಆಕಿನ್ನ ತಿದ್ದಾಕ ಹೋಗಿ ನಾನ ಮುದುಕ ಆದೆ."

ಅವಳ ಇನ್ನೊಂದು ಕಟ್ಟಳೆ ಪಾತ್ರೆಯದು. ಯಾರ ಮನೆಯಿಂದಲಾದರೂ ಏನಾದರೂ ಬಂದರೆ ಆ ಪಾತ್ರೆಯನ್ನು ಬರಿದು ಕೊಡಬಾರದು. ಒಂದು ಹಿಡಿ ಜೋಳ, ಒಂದು ಚೂರು ಬೆಲ್ಲ, ಏನೂ ಇಲ್ಲದಿದ್ದರೆ ನಾಲ್ಕು ಹುಣಸೆಹಣ್ಣು. ಹಾಲು ಬಂದ ಪಾತ್ರೆಯನ್ನಂತೂ ಬರಿದು ಕೊಡುವ ಮಾತೇ ಇಲ್ಲ. ಹಾಗೆ ಕೊಟ್ಟರೆ ಹಾಲು ತಂದವರ ಮನೆಯ ಹಾಲು ಬತ್ತುತ್ತದೆ ಎಂದು ನಂಬಿಕೆ. ಇದು ನಮ್ಮ ಮನೆಯೊಂದರದೇ ಅಲ್ಲ, ಓಣಿಯಲ್ಲಿ ಎಲ್ಲರೂ ಹಾಗೆಯೇ ನಡೆಯುತ್ತಿದ್ದರು.

ನಮ್ಮ ಮನೆಗೂ ಬದಿಯ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಇದ್ದದ್ದು ಪಾತ್ರೆಗಳಿಗೆ ಕಲಾಯಿ ಹಾಕುವ ಮುಸಲ್ಮಾನರ ಮನೆ. ಮನೆಯ ಯಜಮಾನನನ್ನು ನಾವು ಚಾಚಾ ಎನ್ನುತ್ತಿದ್ದೆವು, ಅವನ ಹೆಂಡತಿಯನ್ನು ಚಾಚಿ. ಚಾಚಿ ಎಮ್ಮೆ ಕಟ್ಟಿದ್ದಳು. ಅವಳಲ್ಲಿ ಒಂದು ತಾಮ್ರದ ಬೋಗುಣಿ ಇತ್ತು, ಒಂದು ಬದಿ ನಗ್ಗಿದ್ದು. ಆ ಬೋಗುಣಿ ವರ್ಷಗಟ್ಟಲೆ ಗೋಡೆಯ ಆಚೆಗೂ ಈಚೆಗೂ ಓಡಾಡಿತು. ಅವರ ಮನೆಯಲ್ಲಿ ಬೇಯಿಸಿದ್ದನ್ನು ನಮ್ಮ ಅಪ್ಪ ಉಣ್ಣುತ್ತಿರಲಿಲ್ಲ. ಆಗಿನ ಕಾಲದ ಮಾತು ಅದು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಹಾಲಿಗೆ, ಹಣ್ಣಿಗೆ, ಒಣ ಶಾವಿಗೆಗೆ ಅಡ್ಡಿಯಿರಲಿಲ್ಲ. ರಂಜಾನಿಗೆ ಅದರಲ್ಲಿ ಖರ್ಜೂರ, ಸಕ್ಕರೆ, ಶಾವಿಗೆ ಬರುತ್ತಿತ್ತು. ಯುಗಾದಿಗೆ ನಮ್ಮಿಂದ ಬೇಳೆ, ಬೆಲ್ಲ ಹೋಗುತ್ತಿತ್ತು.

ಯಜಮಾನಿಕೆ ನನ್ನ ಕೈಗೆ ಬಂದ ಮೇಲೆ ನಾನೊಂದು ಕಣ್ಣಿಟ್ಟಿರುತ್ತಿದ್ದೆ. ಬಂದದ್ದಕ್ಕಿಂತ ಹೋದದ್ದು ಒಂದು ಹಿಡಿ ಹೆಚ್ಚೇ ಇರಬೇಕು. ಯಾರ ಹಂಗೂ ನಮ್ಮ ಮೇಲೆ ಉಳಿಯಬಾರದು. ಇದನ್ನು ಮೊದಲು ಗುರುತಿಸಿದವಳು ನನ್ನ ಹೆಂಡತಿ. ಐವತ್ತೈದರಲ್ಲಿ ನಮ್ಮ ಲಗ್ನವಾಯಿತು. ಅವಳ ತವರು ನರಗುಂದ, ಅದೂ ಮಗ್ಗದ ಮನೆಯೇ. ಬಂದ ಮೊದಲ ಯುಗಾದಿಗೆ ನಾನು ಬೋಗುಣಿಗೆ ಬೆಲ್ಲದ ಮೇಲೆ ಬೆಲ್ಲ ಇಡುವುದನ್ನು ನೋಡಿ ಹೇಳಿದಳು:

"ಬೋಗೋಣಿ ಕೊಡಾಕ ಹೊಂಟೀರೋ, ತಕ್ಕಡಿ ತೂಗಾಕ ಹೊಂಟೀರೋ?"

ಮಾತು ಅಂಥವಳದು. ಕೈಯೂ ಅಂಥದೇ. ಮಗ್ಗದ ಮನೆಯಲ್ಲಿ ಹೆಂಗಸರು ಮಾಡುವ ಒಂದು ಕೆಲಸವಿದೆ, ಅದನ್ನು ಇಲ್ಲಿ ಹೇಳಬೇಕು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎನ್ನುತ್ತೇವೆ. ಒಂದು ಹಾಸು ನೇಯ್ದು ಮುಗಿದಾಗ ಅದರ ಕೊನೆಯನ್ನು ಮಗ್ಗದಿಂದ ಕಿತ್ತು ತೆಗೆಯುವುದಿಲ್ಲ. ಗೇಣುದ್ದ ಬಿಟ್ಟಿರುತ್ತೇವೆ. ಹೊಸ ಹಾಸಿನ ಒಂದೊಂದು ಎಳೆಯನ್ನು ಹಳೆಯದರ ಒಂದೊಂದು ಎಳೆಗೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಳೆಯ ಕೊನೆ ಹೋದರೆ ಮಗ್ಗ ಬೋಳಾಯಿತು, ಎಲ್ಲವನ್ನೂ ಹೊಸದಾಗಿ ಪೋಣಿಸಬೇಕು. ನನ್ನ ಹೆಂಡತಿ ಕೆಚ್ಚಿದ ಎಳೆ ಮಗ್ಗದ ಮೇಲೆ ಬಿಚ್ಚಿದ್ದನ್ನು ನಾನು ನೋಡಿಲ್ಲ. "ನೇಯೂದು ನೀವು, ಕೂಡಸೂದು ನಾನು, ಹೆಸರು ಮಾತ್ರ ನಿಮ್ಮದು" ಎಂದು ಹಂಗಿಸುತ್ತಿದ್ದಳು.

ಐವತ್ತೇಳರಲ್ಲಿ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲನ್ನು ಮಗ್ಗದ ಕೋಣೆಯಲ್ಲೇ ಕಟ್ಟಿದೆವು, ಬೇರೆ ಜಾಗವಿರಲಿಲ್ಲ. ಮಗ್ಗದ ಸಪ್ಪಳಕ್ಕೆ ಅದು ಮಲಗುತ್ತಿತ್ತು. ಮಗ್ಗ ನಿಂತರೆ ಎಚ್ಚರಾಗುತ್ತಿತ್ತು. ನಾನು ಎಲೆ ಅಡಿಕೆ ಹಾಕಿಕೊಳ್ಳಲು ನಿಲ್ಲಿಸಿದರೂ ಸಾಕು, ಕಿರಿಚುತ್ತಿತ್ತು. "ನಿಮ್ಮ ಮಗಳು ನಿಮಗಿಂತ ದೊಡ್ಡ ಧಣಿ, ದುಡಿಯೋದು ಬಿಡಾಕ ಕೊಡಂಗಿಲ್ಲ" ಎಂದು ಹೆಂಡತಿ ನಗುತ್ತಿದ್ದಳು.

ಕೂಸಿಗೆ ಹಲ್ಲು ಬರುವ ಹೊತ್ತಿಗೆ ಜ್ವರ ಬಂತು. ಚಕ್ಕಡಿ ಕಟ್ಟಿಕೊಂಡು ರೋಣದ ದವಾಖಾನೆಗೆ ಹೋದೆವು. ಔಷಧ ಕೊಟ್ಟರು, ಮರಳಿ ಬಂದೆವು. ಜ್ವರ ಇಳಿಯಿತು. ಮತ್ತೆ ಏರಿತು. ಮನೆಯಲ್ಲಿ ಎಲ್ಲರೂ ತೊಟ್ಟಿಲ ಸುತ್ತ ಕೂತಿದ್ದರು. ನಾನೂ ಕುಣಿಯಿಂದ ಏಳಹೋದೆ. "ಮಗ್ಗ ನಿಲ್ಲಸಬ್ಯಾಡ್ರಿ, ಮಲಗಲಿ ಅದು" ಎಂದಳು ಹೆಂಡತಿ. ನೇಯುತ್ತಲೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ಅವಳು "ನಿಲ್ಲಸ್ರಿ" ಎಂದಳು. ನಿಲ್ಲಿಸಿದೆ. ಕೂಸು ಎಚ್ಚರಾಗಲಿಲ್ಲ.

ಅದೇ ಸಂಜೆ ಗುಡ್ಡದ ಬದಿಯಲ್ಲಿ ಮಣ್ಣು ಮಾಡಿ ಬಂದೆವು. ನಾನು ಕೈಕಾಲು ತೊಳೆದೆ. ಕಾಲ ಬೆರಳಿನ ಸಂದಿಯಲ್ಲಿ ಮಣ್ಣು ಇತ್ತು, ಅದನ್ನು ತೆಗೆದೆ. ಇದಿಷ್ಟೇ ನನಗೆ ನೆನಪಿದೆ. ಏನಾದರೂ ಅನಿಸಿತೇ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ. ಚಾಚಿ ಆ ನಗ್ಗಿದ ಬೋಗುಣಿಯಲ್ಲಿ ಹಾಲು ತಂದಳು. ಅವ್ವನ ಕೈಗೆ ಕೊಟ್ಟು, ನನ್ನ ಹೆಂಡತಿಯ ಬದಿಗೆ ಸ್ವಲ್ಪ ಹೊತ್ತು ಕೂತು ಎದ್ದು ಹೋದಳು. ಅಪ್ಪ ಕುಡಿದ, ನಾನು ಕುಡಿದೆ. ಹೆಂಡತಿ ಲೋಟವನ್ನು ಕೈಯಲ್ಲಿ ಹಿಡಿದಳು, ಹಾಗೇ ಕೆಳಗಿಟ್ಟಳು. ಅವಳ ಕುಪ್ಪಸ ಎದೆಹಾಲಿಗೆ ಒದ್ದೆಯಾಗುತ್ತಿತ್ತು. ಅವ್ವ ಮಲ್ಲಿಗೆ ಹೂ ತರಿಸಿ ಎದೆಗೆ ಕಟ್ಟಿದಳು. ಹಾಲು ಬತ್ತಲು ಹಾಗೆ ಮಾಡುತ್ತಾರೆ. ಮನೆಯೆಲ್ಲ ಮಲ್ಲಿಗೆಯ ವಾಸನೆ, ಲಗ್ನದ ಮನೆಯ ಹಾಗೆ.

ಬೋಗುಣಿಯನ್ನು ತೊಳೆದು ಗೋಡೆಯ ಗೂಡಿನಲ್ಲಿಟ್ಟರು.

ಆಮೇಲೆ ಮಂದಿ ಬಂದರು. ಬಂದವರೆಲ್ಲ ಒಂದೇ ಮಾತನ್ನು ಬೇರೆಬೇರೆ ರೀತಿಯಲ್ಲಿ ಹೇಳಿದರು.

"ನೀವಿಬ್ಬರೂ ಗಟ್ಟಿ ಅದೀರಿ, ಅದನ್ನ ನೆನಸ್ರಿ."

"ಕೈ ಕಾಲು ನೆಟ್ಟಗ ಅದಾವು, ಮಗ್ಗ ಐತಿ, ಮ್ಯಾಲೆ ಮಾಳಗಿ ಐತಿ. ಎಷ್ಟೋ ಮಂದಿಗೆ ಅದೂ ಇಲ್ಲ."

"ಹೊಳೆಮಣ್ಣೂರಾಗ ನಮ್ಮ ಬೀಗರ ಮನಿಗೆ ಹೊಳಿ ಹೊಕ್ಕು ಒಂದು ಚರಿಗಿ ಸುದ್ದಾ ಉಳೀಲಿಲ್ಲ. ಅವರೇನು ಸತ್ತಾರೇನು?"

ನಾನು ಹೌದ್ರಿ, ಹೌದ್ರಿ ಎಂದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೈ ಇತ್ತು, ಕಾಲು ಇತ್ತು, ಮಾಳಿಗೆ ಇತ್ತು. ಒಂದೊಂದನ್ನೂ ನೋಡಿದೆ. ಅವು ಬೇರೆ ಯಾರದೋ ಎಂಬ ಹಾಗೆ ಕಂಡವು. ಹೆಂಡತಿ ಹೌದು ಎಂದೂ ಅನ್ನಲಿಲ್ಲ. ಅವಳು ಮಾತು ಬಿಟ್ಟಿದ್ದಳು. ಕರೆದರೆ ಏಳುತ್ತಿದ್ದಳು, ಕೊಟ್ಟರೆ ಒಂದು ತುತ್ತು ಉಣ್ಣುತ್ತಿದ್ದಳು. ಮಗ್ಗದ ಕೋಣೆಯೊಳಗೆ ಮಾತ್ರ ಕಾಲಿಡಲಿಲ್ಲ. ನನಗೆ ಬೇರೆ ಏನೂ ತಿಳಿಯುತ್ತಿರಲಿಲ್ಲ, ಇದೊಂದು ತಿಳಿಯುತ್ತಿತ್ತು: ಕೂಸು ಹೋಯಿತು, ಈಗ ಇವಳೂ ಹೋಗುತ್ತಿದ್ದಾಳೆ, ಕಣ್ಣೆದುರಿಗೆ ಕೂತಿದ್ದಂತೆಯೇ.

ಮೈಲಿಗೆ ಕಳೆದ ಮೇಲೆ ಒಂದು ದಿನ ಅವ್ವ ಗೂಡಿನಿಂದ ಬೋಗುಣಿ ತೆಗೆದಳು. ಚಾಚಿಯದು ಇಲ್ಲೇ ಉಳಿದಿದೆ, ಕೊಟ್ಟು ಬರುತ್ತೇನೆ ಎಂದು ಜೋಳದ ಸೇರು ಹಿಡಿದಳು. "ಲಾಭ" ಎಂದು ಮೊದಲ ಸೇರು ಸುರಿದಳೋ ಇಲ್ಲವೋ, ಮೂಲೆಯಲ್ಲಿದ್ದ ಹೆಂಡತಿ ಎದ್ದು ಬಂದು ಬೋಗುಣಿಯನ್ನು ಕಸಿದು ಜೋಳವನ್ನು ಚೀಲಕ್ಕೆ ಬೋರಲು ಹಾಕಿದಳು.

"ಯಾಕವಾ?" ಎಂದಳು ಅವ್ವ, ಹೆದರಿ.

"ನಮ್ಮ ಮನ್ಯಾಗಿಂದ ಏನೂ ಒಯ್ಯಬ್ಯಾಡ್ರಿ ಅತ್ತಿ. ಅವರ ಮನ್ಯಾಗ ಸೊಸಿ ಹೊಟ್ಟೀಲೆ ಅದಾಳ. ನಮ್ಮ ಮನೀದು ಅವರಿಗೆ ಹತ್ತೂದು ಬ್ಯಾಡ."

ಅಷ್ಟು ದಿನಗಳಲ್ಲಿ ಅವಳು ಆಡಿದ ಮಾತು ಅದೊಂದೇ. ಚಾಚಿಯ ಸೊಸೆಗೆ ದಿನ ತುಂಬುತ್ತ ಬಂದಿತ್ತು. ಕೂಸು ಸತ್ತ ಮನೆಯ ಕಾಳು ಬಸುರಿಯ ಮನೆಗೆ ಹೋಗಬಾರದು ಎಂಬುದು ಅವಳ ಭಯ. ಹಾಗಾದರೆ ಬರಿದೇ ಕೊಡೋಣ ಎಂದರೆ, ಹಾಲಿನ ಪಾತ್ರೆ, ಬರಿದು ಕೊಡಬಾರದು, ಅದೂ ಬಾಣಂತನ ಹತ್ತಿರ ಬಂದಿರುವ ಮನೆಗೆ. ತುಂಬಿ ಕೊಟ್ಟರೆ ಕೇಡು, ಬರಿದು ಕೊಟ್ಟರೆ ಕೇಡು. ಅವ್ವ ಬೋಗುಣಿಯನ್ನು ಮತ್ತೆ ಗೂಡಿನಲ್ಲಿಟ್ಟಳು. ಅವಳ ಕಟ್ಟಳೆಗೂ ಇದಕ್ಕೆ ದಾರಿ ಗೊತ್ತಿರಲಿಲ್ಲ.

ನಾನು ನನ್ನ ದಾರಿ ಹುಡುಕಿದೆ. ಸಂತೆಯಲ್ಲಿ ಒಂದು ಹೊಸ ಹಿತ್ತಾಳೆ ಬೋಗುಣಿ ಕೊಂಡೆ, ಹಳೆಯದಕ್ಕಿಂತ ದೊಡ್ಡದು. ಸಂತೆಯಿಂದ ನೇರವಾಗಿ ಒಯ್ದರೆ ಅದು ನಮ್ಮ ಮನೆಯದಾಗುವುದಿಲ್ಲ, ಹೊಸದನ್ನು ಬರಿದು ಕೊಟ್ಟರೆ ಕಟ್ಟಳೆಯೂ ಮುರಿಯುವುದಿಲ್ಲ ಎಂದು ನನ್ನ ಲೆಕ್ಕ. ಚಾಚಾ ಬೇವಿನ ಗಿಡದ ಕೆಳಗೆ ತಿದಿ ಹೂಡಿಕೊಂಡು ಕಲಾಯಿ ಹಾಕುತ್ತಿದ್ದ.

"ಚಾಚಾ, ಇದನ್ನ ಚಾಚೀಗೆ ಕೊಡ್ರಿ."

ಅವನು ಉಗುರಿನಿಂದ ತಟ್ಟಿ ನೋಡಿದ. "ಹೊಸಾದು ಐತಿ. ಕಲಾಯಿ ಹಾಕಬೇಕೇನು?"

"ಅಲ್ರಿ. ಹಳೇದರ ಬದಲಿ."

"ಹಳೇದಕ್ಕ ಏನಾತು? ಎಮ್ಮಿ ತುಳೀತೇನು?"

"ಏನೂ ಆಗಿಲ್ರಿ. ಮನ್ಯಾಗ ಐತಿ."

"ಮನ್ಯಾಗ ಇದ್ರ ಅದನ್ನ ಕೊಡು." ಬದಿಗೆ ಕೂತಿದ್ದ ಬೀಗ ರಿಪೇರಿಯವನ ಕಡೆ ತಿರುಗಿದ. "ಕೇಳ್ರಿಲ್ಲೆ! ಊರ ಮಂದಿ ಬೋಗೋಣಿ ತಿಕ್ಕಿ ತಿಕ್ಕಿ ನನ್ನ ಬೆರಳು ಸವದಾವು. ಈಗ ಈ ನೇಕಾರ ನನಗ ಬೋಗೋಣಿ ಆಯೇರು ಮಾಡಾಕ ಬಂದಾನ!"

ಬೀಗದವನು ನಕ್ಕ. ನಾನು ನಿಂತೇ ಇದ್ದೆ. ಚಾಚಾ ನನ್ನ ಮುಖ ನೋಡಿ ತಿದಿ ಒತ್ತುವುದನ್ನು ಬಿಟ್ಟ.

"ಒಯ್ಯಿ ತಮ್ಮಾ. ಆ ನಗ್ಗಿದ್ದ ಇರಲಿ. ಅವಸರ ಇಲ್ಲ. ನಾವೂ ಎಲ್ಲೂ ಹೋಗಂಗಿಲ್ಲ, ನೀವೂ ಹೋಗಂಗಿಲ್ಲ."

ಹೊಸ ಬೋಗುಣಿಯನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದೆ. ಈಗ ಗೂಡಿನಲ್ಲಿ ಎರಡಾದವು.

ಇಷ್ಟರಲ್ಲಿ ಮಗ್ಗದ ಮೇಲಿನ ಹಾಸು ಮುಗಿಯಿತು. ಚಂದ್ರಕಾಳಿ ಸೀರೆಯ ಕಪ್ಪು ಹಾಸು ಅದು. ಕೊನೆಯ ಸೀರೆ ಕತ್ತರಿಸಿ ತೆಗೆದೆ. ಗೇಣುದ್ದದ ಕಪ್ಪು ಎಳೆಗಳು, ಅವನ್ನು ಪೋಣಿಸಿದ್ದ ಮಗ್ಗದ ಹಣಿಗೆಯಿಂದ ಜೋತುಬಿದ್ದವು. ಹೊಸ ಹಾಸು ಸುತ್ತಿದ ಹಾಗೇ ಗೋಡೆಗೆ ಒರಗಿತ್ತು. ಮನೆಯಲ್ಲಿ ಸಪ್ಪಳವೇ ಇಲ್ಲದಂತಾಯಿತು. ಓಣಿಯ ಒಬ್ಬಾಕೆ ಬಂದು, "ನಾ ಕೆಚ್ಚಿ ಕೊಡ್ತೀನಿ ಬಿಡಪಾ, ಎಷ್ಟು ದಿನ ಅಂತ ಕುಂದ್ರತಿ?" ಎಂದಳು. ಬೇಡ ಎಂದೆ. ಅವಳು ಸಿಟ್ಟಾಗಿ ಹೋದಳು. ಸೊಕ್ಕು ಎಂದಿರಬೇಕು. ಸೊಕ್ಕೇ ಇರಬಹುದು. ಆದರೆ ಬೇರೆಯವರು ಕೆಚ್ಚಿದರೆ ಮಗ್ಗ ನಡೆಯುತ್ತದೆ, ಇವಳಿಗೆ ಮರಳಿ ಬರಲು ಜಾಗ ಉಳಿಯುವುದಿಲ್ಲ ಎಂದು ನನಗೆ ಅನಿಸಿತ್ತು. ಹಾಗೆಂದು ಯಾರಿಗೂ ಹೇಳಲಿಲ್ಲ.

ನರಗುಂದದಿಂದ ಹೆಂಡತಿಯ ಅಪ್ಪ ಚಕ್ಕಡಿ ಹೂಡಿಕೊಂಡು ಬಂದ. ಮಗಳನ್ನು ನೋಡಿದ. ಉಂಡ ಮೇಲೆ ನನ್ನನ್ನು ಕಟ್ಟೆಗೆ ಕರೆದ.

"ಅಳಿಯಂದ್ರ, ನಾಲ್ಕು ದಿನ ಕರಕೊಂಡು ಹೋಗ್ತೀನ್ರಿ. ಅಕ್ಕತಂಗಿಯರ ಕೂಡ ಇದ್ರ ಮರೀತಾಳ. ಹವಾನೂ ಬದಲಾಗ್ತೈತಿ."

"ನಾಲ್ಕು ದಿನ?"

"ಆಕೀ ಮನಸು. ಎಂದು ಬರ್ತೀನಿ ಅಂತಾಳ, ಅಂದು."

ಅವಳನ್ನು ಕೇಳಿದೆ. ಹೋಗುತ್ತೇನೆ ಎನ್ನಲಿಲ್ಲ, ಇರುತ್ತೇನೆ ಎನ್ನಲಿಲ್ಲ. ಅವಳಿಗೆ ಎರಡೂ ಒಂದೇ ಆಗಿತ್ತು. ಹೋದರೆ ಮರಳಿ ಬರುತ್ತೇನೆ ಎಂದು ಅವಳು ಎಂದೂ ಅನ್ನುವುದಿಲ್ಲ, ಅದು ನನಗೆ ಗೊತ್ತಿತ್ತು. ಇರು ಎಂದು ಕೇಳಿಕೊಳ್ಳಲು ನನಗೆ ಬರಲಿಲ್ಲ. ಯಾರನ್ನೂ ಏನನ್ನೂ ಕೇಳಿ ಅಭ್ಯಾಸವಿರಲಿಲ್ಲ. ಮರುದಿನ ಮುಂಜಾನೆ ಹೊರಡುವುದು ಎಂದಾಯಿತು.

ಆ ಸಂಜೆ ಗೋಡೆಯಾಚೆಯಿಂದ ಹಸುಗೂಸಿನ ಅಳು ಕೇಳಿಸಿತು. ಅವ್ವ "ಆತು, ಪಾರಾದಳು" ಎಂದು ಕೈ ಮುಗಿದಳು. ಹೆಂಡತಿ ತಲೆಯೆತ್ತಿ ಗೋಡೆಯನ್ನು ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ತನ್ನ ಸೀರೆಗಳನ್ನು ಗಂಟು ಕಟ್ಟಿದಳು.

ಮುಂಜಾನೆ ಚಕ್ಕಡಿ ಬಾಗಿಲಿಗೆ ಬಂದು ನಿಂತಿತ್ತು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕಟ್ಟೆಯ ಮೇಲೆ ಕೂತಿದ್ದಳು. ಚಾಚಿ ಸೆರಗಿಗೆ ಕೈ ಒರೆಸುತ್ತ ಬಂದಳು.

"ಎಲ್ಲಿಗೆ ಹೊಂಟೀಯವಾ?"

"ನರಗುಂದಕ್ಕ ಕರಕೊಂಡು ಹೊಂಟೀನ್ರಿ" ಎಂದ ಮಾವ.

"ಹೋಗಲಿ, ಹೋಗಲಿ. ನನ್ನ ಬೋಗೋಣಿ ಕೊಟ್ಟು ಹೋಗಲಿ. ಬಾಣಂತೀಗೆ ಹಾಲು ಕಾಸಾಕ ಅದ ಬೇಕು ನನಗ."

ಅವ್ವ ಗೂಡಿನ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. ಕಡೆಗೆ ಹೆಂಡತಿಯೇ ಬಾಯಿ ಬಿಟ್ಟಳು.

"ಚಾಚಿ, ಅದನ್ನ ಬಿಟ್ಟು ಬಿಡ್ರಿ. ಬರೇದ ಕೊಡಾಕ ಬರಂಗಿಲ್ಲ. ತುಂಬಿ ಕೊಟ್ರ ನಮ್ಮ ಮನೀದು ನಿಮಗ ಹತ್ತತೈತಿ. ಹಸಗೂಸು ಐತಿ ಮನ್ಯಾಗ."

ಚಾಚಿ ಕಟ್ಟೆಯ ಹತ್ತಿರಕ್ಕೆ ಬಂದಳು.

"ಇದಕ್ಕೇನು ಇಷ್ಟು ದಿನ ಇಟಗೊಂಡು ಕುಂತಿ? ನಾ ಅನ್ಕೊಂಡಿದ್ದೆ, ನಿನ್ನ ಗಂಡ ಅದಕ್ಕ ಬಂಗಾರದ ಕಲಾಯಿ ಹಾಕಸಾಕ ಹತ್ಯಾನ ಅಂತ."

ಚಾಚಿ ಅವಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು.

"ಕೇಳಿಲ್ಲೆ. ನಾನೂ ಖಾಲಿ ಬೋಗೋಣಿ ಒಯ್ಯಂಗಿಲ್ಲ. ಜ್ವಾಳ ಬ್ಯಾಡ, ಬೆಲ್ಲ ಬ್ಯಾಡ. ಕೂಸಿಗೆ ಉಡದಾರ ಬೇಕು, ಕರೇದು. ನಿಮ್ಮ ಮಗ್ಗದ ನೂಲು. ನಿನ್ನ ಕೈಲೆ ಹೊಸೆದು ಹಾಕು."

"ನನ್ನ ಕೈಲೆ ಬ್ಯಾಡ್ರಿ ಚಾಚಿ."

"ನಿನ್ನ ಕೈಗೆ ಏನಾಗೇತಿ? ಅಂಗಡ್ಯಾಗ ದಾರ ಸಿಗಂಗಿಲ್ಲಂತ ನಾ ಇಲ್ಲಿಗೆ ಬಂದಿಲ್ಲ. ನಿನ್ನ ಮಗಳ ನಡದಾಗಿನ ಉಡದಾರ ಯಾರು ಹೊಸೆದಿದ್ರು?"

"ನಾನು."

"ಹರೀತೇನು ಅದು?"

ಹೆಂಡತಿ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಗಂಟನ್ನೇ ನೋಡುತ್ತ ಹೇಳಿದಳು: "ಹರೀಲಿಲ್ಲ. ಅದರ ಕೂಡನ ಹೋತು."

"ಹಂಗಾರ ಅಂಥಾದ್ದ ಬೇಕು ನನಗ" ಎಂದಳು ಚಾಚಿ.

ಹೆಂಡತಿ ಗಂಟನ್ನು ಕಟ್ಟೆಯ ಮೇಲಿಟ್ಟು ಎದ್ದಳು. ಮಗ್ಗದ ಕೋಣೆಗೆ ಹೋದಳು. ನಾನು ಬಾಗಿಲಲ್ಲಿ ನಿಂತೆ. ಬುಟ್ಟಿಯಲ್ಲಿ ಉಳಿದ ಕಪ್ಪು ನೂಲಿತ್ತು. ತೊಟ್ಟಿಲು ಕಟ್ಟಿದ್ದ ಕೊಂಡಿಯ ಕೆಳಗೇ ಕೂತು, ಎಳೆಗಳನ್ನು ಆರಿಸಿ, ತೊಡೆಯ ಮೇಲೆ ಹೊಸೆದಳು. ನಿಧಾನವಾಗಿ ಹೊಸೆದಳು. ಗಂಟು ಹಾಕಿ ಜಗ್ಗಿ ನೋಡಿದಳು, ಮತ್ತೊಮ್ಮೆ ಜಗ್ಗಿದಳು. ಹೊರಗೆ ಬಂದು ಗೂಡಿನಿಂದ ಬೋಗುಣಿ ತೆಗೆದು, ಅದರಲ್ಲಿ ಉಡದಾರ ಹಾಕಿ ಚಾಚಿಗೆ ಕೊಟ್ಟಳು. ಬೋಗುಣಿಯಲ್ಲಿ ಬಿದ್ದದ್ದರ ಸಪ್ಪಳ ಕೂಡ ಆಗಲಿಲ್ಲ. ಅಷ್ಟು ಹಗುರಾಗಿ ನಮ್ಮ ಮನೆಯಿಂದ ಯಾವ ಪಾತ್ರೆಯೂ ಹೋದದ್ದಿಲ್ಲ. ನಾನೇ ಕೊಡುವುದಾಗಿದ್ದರೆ ಹೆಚ್ಚಿಗೆ ಏನಾದರೂ ಇಡುತ್ತಿದ್ದೆ. ಅಂದು ನಾನು ಕೈ ಹಾಕಲಿಲ್ಲ.

ಚಾಚಿ ಬೋಗುಣಿಗೆ ಸೆರಗು ಮುಚ್ಚಿಕೊಂಡು ಹೋದಳು.

"ಹತ್ತವಾ, ಬಿಸಲು ಏರತೈತಿ" ಎಂದ ಮಾವ.

ಅವಳು ಮತ್ತೆ ಮಗ್ಗದ ಬಾಗಿಲಲ್ಲಿ ನಿಂತಿದ್ದಳು.

"ಹಾಸು ಕೆಚ್ಚಿಲ್ಲಪಾ. ಹಳೇ ಎಳಿ ಮ್ಯಾಲ ಧೂಳು ಕುಂತೈತಿ. ಇನ್ನೂ ಬಿಟ್ರ ಒಣಗಿ ಹರೀತಾವು."

"ಮತ್ತ ನಾನು? ಖಾಲಿ ಚಕ್ಕಡಿ ಹೊಡಕೊಂಡು ಹೋಗ್ಲೇನು?"

"ಖಾಲಿ ಯಾಕ ಹೋಗ್ತೀರಿ?" ಎಂದು ಅವ್ವ ಚೀಲ ಬಿಚ್ಚಿದಳು. ಸೇರಿನಿಂದ ಅಳೆದು ಅವನ ಬುಟ್ಟಿಗೆ ಜೋಳ ಸುರಿದಳು. ಲಾಭ, ಎರಡು, ಮೂರು. ಹೆಂಡತಿ ಈ ಸಲ ತಡೆಯಲಿಲ್ಲ. "ಅತ್ತಿ, ಒಂದೀಟು ಬೂದಿ ಕೊಡ್ರಿ" ಎಂದಳು.

ಕೆಚ್ಚಲು ಕೆಲವು ದಿನ ಹಿಡಿಯಿತು. ನಾನು ಎದುರಿಗೆ ಕೂತು ಎಳೆ ಆಯ್ದು ಕೊಟ್ಟೆ, ಅವಳು ಹೊಸೆದಳು. ಅವಳು ಮೊದಲಿನ ಹಾಗೆ ಆದಳೇ ಎಂದರೆ, ಇಲ್ಲ. ನನಗೆ ಸಂತೋಷವಾಯಿತೇ ಎಂದರೆ, ಅದೂ ಇಲ್ಲ. ಎಳೆಗೆ ಎಳೆ ಕೂಡಿತು, ಅಷ್ಟೇ. ಕೆಲಸ ಮುಗಿದ ದಿನ ಕುಣಿಗೆ ಇಳಿದು ತುಳಿದೆ. ಸಪ್ಪಳ ಬಂತು. ಕಣ್ಣು ತಾನಾಗಿ ತೊಟ್ಟಿಲಿನ ಕೊಂಡಿಯ ಕಡೆ ಹೋಯಿತು. ಮತ್ತೆ ಲಾಳಿಯ ಕಡೆ ತಂದೆ.

ಕೆಲವು ವಾರಗಳಾದ ಮೇಲೆ ಚಾಚಿ ಗೋಡೆಯಾಚೆಯಿಂದ ಕೂಗಿದಳು. "ಏ ತಮ್ಮಾ, ಊಟಕ್ಕಂತ ತಾಸುಗಟ್ಲೆ ಮಗ್ಗ ನಿಲ್ಲಸಬ್ಯಾಡೋ! ನಿಂತ ಕೂಡ್ಲೆ ನಮ್ಮ ಕೂಸು ಎದ್ದು ಓಣಿ ಎಲ್ಲಾ ಎಬ್ಬಸತೈತಿ."

ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಆಮೇಲೆ ನನ್ನ ತಾಟಿಗೆ ರೊಟ್ಟಿ ಹಾಕಿ, "ಲಗೂನ ಉಣ್ರಿ" ಎಂದಳು. ಲಗೂನೇ ಉಂಡೆ.

ಅಂದಿನವರೆಗೆ ಉಪಕಾರ ನೆನೆಯುವುದೆಂದರೆ ಬಂದದ್ದಕ್ಕಿಂತ ಹೆಚ್ಚು ತಿರುಗಿ ಕೊಡುವುದು ಎಂದುಕೊಂಡಿದ್ದೆ. ನಮ್ಮಲ್ಲಿ ಕೊಡುವಂಥದ್ದು ಏನೂ ಉಳಿದಿಲ್ಲ ಎಂದು ಕೂತಾಗ ಚಾಚಿ ಬಂದು ನಮ್ಮಲ್ಲಿ ಇದ್ದದ್ದನ್ನೇ ಕೇಳಿದಳು. ನಮ್ಮನ್ನು ನೋಡಲು ಬಂದವರೆಲ್ಲ ಇದ್ದದ್ದನ್ನು ನೆನೆಯಿರಿ ಎಂದು ಹೇಳಿ ಹೋಗಿದ್ದರು. ಇವಳು ಹೇಳಲಿಲ್ಲ, ಕೇಳಿ ಪಡೆದಳು. ಅದಕ್ಕೆ ಅವಳಿಗೆ ನಾನು ಏನು ಕೊಟ್ಟೆ ಎಂದು ಲೆಕ್ಕ ಹಾಕಿದ್ದಿಲ್ಲ. ಹಾಕಲು ಬರುವುದೂ ಇಲ್ಲ.

ಅಪ್ಪ ಹೋದ, ಅವ್ವ ಹೋದಳು. ಚಾಚಾ, ಚಾಚಿಯೂ ಹೋದರು. ಜೋಳ ಅಳೆಯುವುದು ಹೆಂಡತಿಯ ಕೈಗೆ ಬಂತು. ನರಗುಂದದವರಿಗೆ ಆ ರೂಢಿ ಇರಲಿಲ್ಲ, ಆದರೂ ಅವಳು ಲಾಭ ಎಂದೇ ಶುರು ಮಾಡುತ್ತಾಳೆ. ಸಂಜೆ ಮಗ್ಗದಿಂದ ಏಳುವ ಮೊದಲು ನಾನೂ ಕುಣಿಯಲ್ಲಿ ಕೂತೇ ನಮ್ಮಲ್ಲಿ ಇದ್ದದ್ದನ್ನು ಎಣಿಸುತ್ತೇನೆ. ಎಷ್ಟೋ ಸಂಜೆ ಮನಸ್ಸಿಗೆ ಏನೂ ಅನಿಸುವುದಿಲ್ಲ. ಆದರೂ ಎಣಿಸುತ್ತೇನೆ. ಕೆಚ್ಚುವಾಗಲೂ ಏನೂ ಅನಿಸಿರಲಿಲ್ಲ, ಎಳೆ ಕೂಡಿದ್ದವು.

ಲಾಭ, ಹೆಂಡತಿ. ಎರಡು, ಆಮೇಲೆ ಹುಟ್ಟಿದ ಮಗ. ಮೂರು, ಅವನ ತಂಗಿ. ನಾಲ್ಕು, ಮಗ್ಗ. ಅದರ ಮೇಲೆ ಅರ್ಧ ನೇಯ್ದ ಸೀರೆ ಇದೆ, ಅದನ್ನು ಬೇರೆ ಎಣಿಸುವುದಿಲ್ಲ. ಐದು, ಮಳೆಗೆ ಸೋರದ ಮಾಳಿಗೆ. ಆರು, ಗುಡ್ಡದ ಬದಿಯಲ್ಲಿ ಮೊಳದಷ್ಟು ನೆಲ. ಏಳು, ಹೊಸ ಹಿತ್ತಾಳೆ ಬೋಗುಣಿ, ಈಗ ನೂಲಿಗೆ ಗಂಜಿ ಕಲಸುವುದು ಅದರಲ್ಲೇ. ಎಂಟು, ಗೋಡೆಯಾಚೆಯ ಮನೆ. ನಗ್ಗಿದ ಬೋಗುಣಿ ಈ ವಾರ ಆ ಕಡೆ ಇದೆ.